ದಿ ಫಾಲ್ ಬ್ಯಾಂಡಿನ ಪೀಲ್ ಸೆಷನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

'ದಿ ಕಂಪ್ಲೀಟ್ ಪೀಲ್ ಸೆಷನ್ಸ್ 1978–2004' ಎಂಬ ಸಿಡಿ ಸೆಟ್ಟಿನ ಬಗ್ಗೆ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಅವಕ್ಕೆಲ್ಲ ಇಲ್ಲಿ ಒಂದೆಡೆ ಉತ್ತರ ಬರೆದಿದ್ದೇನೆ. ಈ ಬ್ಯಾಂಡಿನ ವಿಷಯದಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ಈ ಸೆಟ್ಟಿನಲ್ಲಿ ಇರುವುದೇನು?

ಇಂಗ್ಲೆಂಡಿನ ಪೋಸ್ಟ್-ಪಂಕ್ ಬ್ಯಾಂಡ್ ದಿ ಫಾಲ್, ಬಿಬಿಸಿ ರೇಡಿಯೊ 1ರ ನಿರೂಪಕ ಜಾನ್ ಪೀಲ್ ಅವರ ಕಾರ್ಯಕ್ರಮಕ್ಕಾಗಿ ಮಾಡಿದ ಅಷ್ಟೂ ರೆಕಾರ್ಡಿಂಗ್‌ಗಳು. ಮೊದಲನೆಯದು 1978ರ ಮೇ ತಿಂಗಳಿನದು, ಕೊನೆಯದು 2004ರ ಆಗಸ್ಟ್‌ನದು. ಒಟ್ಟು 24 ಸೆಷನ್ (ಬಿಬಿಸಿ ಸ್ಟುಡಿಯೋದಲ್ಲಿ ಒಂದು ದಿನ ಕೂತು ಮಾಡಿದ ರೆಕಾರ್ಡಿಂಗ್‌ಗೆ ಸೆಷನ್ ಎನ್ನುತ್ತಾರೆ), 97 ಟ್ರ್ಯಾಕ್, ಆರು ಸಿಡಿ. ಕ್ಯಾಸಲ್ ಮ್ಯೂಸಿಕ್ ಇದನ್ನು 2005ರಲ್ಲಿ ಹೊರತಂದಿತು. ಲೆಕ್ಕ ಸುಲಭ. ಸೆಷನ್‌ಗೆ ನಾಲ್ಕರಂತೆ 96 ಆಗುತ್ತದೆ, ಕೊನೆಯ ಸೆಷನ್‌ನಲ್ಲಿ ಮಾತ್ರ ಐದು ಇವೆ.

ಪೀಲ್ ಕಾರ್ಯಕ್ರಮಕ್ಕಾಗಿ ಎರಡು ಸಾವಿರಕ್ಕೂ ಹೆಚ್ಚು ಕಲಾವಿದರು ನಾಲ್ಕು ಸಾವಿರಕ್ಕೂ ಹೆಚ್ಚು ಸೆಷನ್ ಮಾಡಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಬಂದವರು ದಿ ಫಾಲ್.

ದಿ ಫಾಲ್ ಅಂದ್ರೆ ಯಾರು?

ಮ್ಯಾಂಚೆಸ್ಟರ್ ಪಕ್ಕದ ಪ್ರೆಸ್ಟ್‌ವಿಚ್‌ನಲ್ಲಿ 1976ರಲ್ಲಿ ಶುರುವಾದ ಬ್ಯಾಂಡ್. ಹೆಸರು ಆಲ್ಬೇರ್ ಕಮೂ ಬರೆದ ಕಾದಂಬರಿಯಿಂದ ಬಂದದ್ದು. ಮುಂದಾಳು ಮಾರ್ಕ್ ಇ. ಸ್ಮಿತ್. ಬಂದರಿನಲ್ಲಿ ಗುಮಾಸ್ತನಾಗಿದ್ದವನು, ಕೆಲಸ ಬಿಟ್ಟು ಬ್ಯಾಂಡಿಗೆ ನಿಂತ. 2018ರ ಜನವರಿಯಲ್ಲಿ 60ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದ. ಅಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಜನ ಬ್ಯಾಂಡಿಗೆ ಬಂದು ಹೋದರು. ಶುರುವಿನಿಂದ ಕೊನೆಯವರೆಗೂ ಇದ್ದವನು ಸ್ಮಿತ್ ಒಬ್ಬನೇ.

ಸಂಗೀತದ ಬಗ್ಗೆ ಹೇಳಬೇಕೆಂದರೆ, ಬೇಸ್ ಗಿಟಾರ್ ಮತ್ತು ಡ್ರಮ್ ಒಂದೇ ವರಸೆಯನ್ನು ಹಿಡಿದು ಬಿಡದೆ ಬಾರಿಸುತ್ತವೆ. ಅದರ ಮೇಲೆ ಕರಕರ ಎನ್ನುವ ಗಿಟಾರ್. ಸ್ಮಿತ್ ಹಾಡುವುದಿಲ್ಲ. ಮಾತಾಡುತ್ತಾನೆ, ಬೈಯುತ್ತಾನೆ, ಗೊಣಗುತ್ತಾನೆ, ವಾಕ್ಯದ ಕೊನೆಗೊಂದು 'ಅಹ್' ಸೇರಿಸುತ್ತಾನೆ. ಮೊದಲ ಸಲ ಕೇಳಿದವರಲ್ಲಿ ಹೆಚ್ಚಿನವರು ಎರಡು ನಿಮಿಷದಲ್ಲಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸದವರು ಆಮೇಲೆ ಬೇರೇನನ್ನೂ ಕೇಳುವುದಿಲ್ಲ, ಅಂಥವರ ಜೊತೆ ಬದುಕುವುದು ಸ್ವಲ್ಪ ಕಷ್ಟ.

ಪೋಸ್ಟ್-ಪಂಕ್ ಅಂದರೆ?

1976–77ರ ಪಂಕ್ ಅಲೆ 'ಯಾರು ಬೇಕಾದರೂ ಬ್ಯಾಂಡ್ ಕಟ್ಟಬಹುದು' ಎಂಬ ಧೈರ್ಯ ಕೊಟ್ಟಿತು. ಆ ಧೈರ್ಯ ಇಟ್ಟುಕೊಂಡು, ಗಿಟಾರ್‌ನ ಮೂರೇ ಸ್ವರಗುಚ್ಛಗಳಲ್ಲಿ (ಕಾರ್ಡ್) ಮುಗಿಯುವ ಪಂಕ್ ರಾಕ್ ಅನ್ನು ಬಿಟ್ಟು, ರೆಗ್ಗೆಯಿಂದ ಹುಟ್ಟಿದ ಡಬ್, ಫಂಕ್, ಜರ್ಮನ್ ರಾಕ್ ಎಲ್ಲ ಬೆರೆಸಿ ಬೇರೆ ದಾರಿ ಹುಡುಕಿದವರನ್ನು ಪೋಸ್ಟ್-ಪಂಕ್ ಎನ್ನುತ್ತಾರೆ. ಜಾಯ್ ಡಿವಿಷನ್, ಗ್ಯಾಂಗ್ ಆಫ್ ಫೋರ್, ವೈರ್, ದಿ ಸ್ಲಿಟ್ಸ್ ಎಲ್ಲ ಇದೇ ಗುಂಪು.

ರೇಡಿಯೊದವರು ರೆಕಾರ್ಡ್ ಹಾಕಿದ್ದರೆ ಸಾಕಿತ್ತಲ್ಲ? ಬ್ಯಾಂಡನ್ನು ಕರೆಸಿ ಬೇರೆಯಾಗಿ ಯಾಕೆ ರೆಕಾರ್ಡ್ ಮಾಡಿಸಿದರು?

ಇದು ಒಳ್ಳೆಯ ಪ್ರಶ್ನೆ. ಉತ್ತರಕ್ಕೂ ಸಂಗೀತ ಪ್ರೇಮಕ್ಕೂ ಅಷ್ಟಾಗಿ ಸಂಬಂಧವಿಲ್ಲ.

ಬ್ರಿಟನ್ನಿನಲ್ಲಿ 'ನೀಡಲ್ ಟೈಮ್' ಎಂಬ ಒಪ್ಪಂದವಿತ್ತು. ಬಿಬಿಸಿ ದಿನಕ್ಕೆ ಇಂತಿಷ್ಟೇ ಗಂಟೆ ರೆಕಾರ್ಡ್ ಹಾಕಬಹುದು, ಅದಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ರೆಕಾರ್ಡ್ ಕಂಪನಿಗಳಿಗೆ ಒಂದು ಭಯ: ರೇಡಿಯೊದಲ್ಲಿ ಪುಕ್ಕಟೆ ಕೇಳಿಸಿದರೆ ಕೊಳ್ಳುವವರು ಯಾರು? ಸಂಗೀತಗಾರರ ಯೂನಿಯನ್ನಿಗೆ ಇನ್ನೊಂದು ಭಯ: ಎಲ್ಲದಕ್ಕೂ ರೆಕಾರ್ಡ್ ಹಾಕುತ್ತಾ ಹೋದರೆ ನುಡಿಸುವವರ ಹೊಟ್ಟೆಪಾಡೇನು? ಹೀಗಾಗಿ ಉಳಿದ ಹೊತ್ತನ್ನು ತುಂಬಿಸಲು ಬಿಬಿಸಿ ಸಂಗೀತಗಾರರನ್ನು ತನ್ನ ಸ್ಟುಡಿಯೋಗೆ ಕರೆಸಿ, ಯೂನಿಯನ್ ದರದಂತೆ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸುತ್ತಿತ್ತು. ನಮ್ಮ ಆಕಾಶವಾಣಿ ಕೂಡ ಧಾರವಾಡ, ಮೈಸೂರು, ಬೆಂಗಳೂರಿನ ಸ್ಟುಡಿಯೋಗಳಿಗೆ ಕಲಾವಿದರನ್ನು ಕರೆಸಿ, ಸಂಭಾವನೆ ಕೊಟ್ಟು, ಧ್ವನಿಮುದ್ರಿಸಿ ಪ್ರಸಾರ ಮಾಡುತ್ತಿತ್ತಲ್ಲ? ಕಾರಣ ಬೇರೆ, ಕೆಲಸ ಹೆಚ್ಚು ಕಡಿಮೆ ಅದೇ.

ಉಳಿದ ಕಾರ್ಯಕ್ರಮಗಳಿಗೆ ಈ ನಿಯಮ ತಲೆನೋವು. ಪೀಲ್ ಮತ್ತು ಅವರ ನಿರ್ಮಾಪಕ ಜಾನ್ ವಾಲ್ಟರ್ಸ್ ಇದನ್ನೇ ಅವಕಾಶ ಮಾಡಿಕೊಂಡರು. ರೆಕಾರ್ಡ್ ಕಂಪನಿಗಳು ಬಾಗಿಲು ತೆಗೆಯದ ಬ್ಯಾಂಡ್‌ಗಳನ್ನೂ ಸೆಷನ್‌ಗೆ ಕರೆದರು. ನೀಡಲ್ ಟೈಮ್ 1988ರಲ್ಲಿ ರದ್ದಾಯಿತು. ಪೀಲ್ ಸೆಷನ್‌ಗಳು ಮಾತ್ರ ನಿಲ್ಲಲಿಲ್ಲ.

ಹಾಗಾದರೆ ಇದು ಲೈವ್ ಆಲ್ಬಮ್ಮಾ?

ಅರ್ಧ ಹೌದು, ಅರ್ಧ ಅಲ್ಲ. ಮುಂದೆ ಜನ ಇಲ್ಲ, ಚಪ್ಪಾಳೆ ಇಲ್ಲ. ಪ್ರಸಾರವೂ ನೇರವಲ್ಲ. ರೆಕಾರ್ಡ್ ಮಾಡಿ ಕೆಲವು ದಿನ ಬಿಟ್ಟು, ಕೆಲವೊಮ್ಮೆ ವಾರಗಳ ನಂತರ, ರಾತ್ರಿ ಕಾರ್ಯಕ್ರಮದಲ್ಲಿ ಹಾಕುತ್ತಿದ್ದರು. ಮೊದಲ ಸೆಷನ್ನನ್ನೇ ನೋಡಿ: ರೆಕಾರ್ಡ್ ಆಗಿದ್ದು 1978ರ ಮೇ 30, ಪ್ರಸಾರವಾಗಿದ್ದು ಜೂನ್ 15.

ಆದರೆ ಆಲ್ಬಮ್ ಮಾಡುವ ಹಾಗೆ ವಾರಗಟ್ಟಲೆ ಕೂರುವ ಪುರುಸೊತ್ತೂ ಇಲ್ಲ. ಎಲ್ಲರೂ ಒಟ್ಟಿಗೆ ನುಡಿಸಿದ್ದೇ ಹಾಡಿನ ಬುಡ. ಅದರ ಮೇಲೆ ಬೇಕಾದರೆ ಒಂದೆರಡು ಪದರ ಸೇರಿಸಬಹುದು, ಅಷ್ಟೆ. ವೇದಿಕೆಯ ಚುರುಕು ಇರುತ್ತದೆ, ವೇದಿಕೆಯ ಗದ್ದಲ ಇರುವುದಿಲ್ಲ.

ಒಂದು ತಮಾಷೆ. ಈ ಬ್ಯಾಂಡಿನ ಮೊದಲ ಆಲ್ಬಮ್ 'ಲೈವ್ ಅಟ್ ದಿ ವಿಚ್ ಟ್ರಯಲ್ಸ್'. ಹೆಸರಿನಲ್ಲಿ ಲೈವ್ ಇದೆ, ರೆಕಾರ್ಡ್ ಆಗಿದ್ದು ಸ್ಟುಡಿಯೋದಲ್ಲಿ. ಅದೂ ಒಂದೇ ದಿನದಲ್ಲಿ, 1978ರ ಡಿಸೆಂಬರ್‌ನಲ್ಲಿ. ಅದರ ನಿರ್ಮಾಪಕ ಬಾಬ್ ಸಾರ್ಜೆಂಟ್ ಬಿಬಿಸಿಯಲ್ಲಿ ಪೀಲ್ ಸೆಷನ್‌ಗಳನ್ನು ಮಾಡಿಸುತ್ತಿದ್ದವರು. ಒಂದು ದಿನದಲ್ಲಿ ಕೆಲಸ ಮುಗಿಸುವುದು ಅವರಿಗೆ ರೂಢಿಯಾಗಿತ್ತು.

ಒಂದು ದಿನದಲ್ಲಿ ನಾಲ್ಕು ಹಾಡು ಹೇಗೆ ಮುಗಿಯುತ್ತಿತ್ತು?

ಲಂಡನ್ನಿನ ಮೈಡಾ ವೇಲ್‌ನಲ್ಲಿ ಬಿಬಿಸಿಯ ಸ್ಟುಡಿಯೋಗಳಿದ್ದವು. 1909ರಲ್ಲಿ ರೋಲರ್ ಸ್ಕೇಟಿಂಗ್‌ಗೆಂದು ಕಟ್ಟಿದ ಕಟ್ಟಡ. 1930ರ ದಶಕದಲ್ಲಿ ಬಿಬಿಸಿ ಕೈಗೆ ಬಂತು. ದೊಡ್ಡ ಸ್ಟುಡಿಯೋದಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ, ಅದೇ ಕಟ್ಟಡದ ಇನ್ನೊಂದು ಸ್ಟುಡಿಯೋದಲ್ಲಿ ಪಂಕ್ ಹುಡುಗರು.

ಮಧ್ಯಾಹ್ನ ವ್ಯಾನಿನಿಂದ ಸಾಮಾನು ಇಳಿಸಬೇಕು. ಮೈಕ್ ಇಡುವುದು, ಸದ್ದು ಹೊಂದಿಸುವುದು. ಆಮೇಲೆ ನಾಲ್ಕು ಹಾಡಿನ ಬುಡ ನುಡಿಸಿ ಮುಗಿಸಬೇಕು. ಅದಾದ ಮೇಲೆ ಧ್ವನಿ, ಸಣ್ಣಪುಟ್ಟ ಸೇರ್ಪಡೆ. ಸಂಜೆ ದಾಟುವ ಹೊತ್ತಿಗೆ ಮಿಕ್ಸಿಂಗ್ ಶುರು. ಮಧ್ಯರಾತ್ರಿಗೆ ಮುಂಚೆ ಟೇಪ್ ರೆಡಿ, ಎಲ್ಲರೂ ಮನೆಗೆ. ನಾಳೆ ಇನ್ನೊಂದು ಬ್ಯಾಂಡ್ ಬರುತ್ತದೆ, ಹಾಗಾಗಿ ಗಡುವು ಅಂದ್ರೆ ಗಡುವೇ.

ಸ್ಟುಡಿಯೋದ ನಿರ್ಮಾಪಕರೂ ಎಂಜಿನಿಯರುಗಳೂ ಬಿಬಿಸಿ ಕೊಟ್ಟವರು, ಬ್ಯಾಂಡ್ ಆರಿಸಿಕೊಂಡವರಲ್ಲ. ದಿ ಫಾಲ್‌ನ ಕೆಲವು ಸೆಷನ್‌ಗಳನ್ನು ಮಾಡಿಸಿದ ಡೇಲ್ ಗ್ರಿಫಿನ್ ಹಿಂದೆ ಮಾಟ್ ದಿ ಹೂಪಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದವರು. ಹಳೇ ತಲೆಮಾರಿನ ರಾಕ್ ಮನುಷ್ಯ, ಎದುರಿಗೆ ಸ್ಮಿತ್! ಆದರೂ ಕೆಲಸ ಆಯಿತು, ಚೆನ್ನಾಗಿಯೇ ಆಯಿತು.

ನನ್ನ ಪ್ರಕಾರ ಈ ಸೆಟ್ಟಿನ ನಿಜವಾದ ಬೆಲೆ ಇರುವುದು ಈ ಕಟ್ಟುಪಾಡಿನಲ್ಲೇ. 26 ವರ್ಷ, ಹೆಚ್ಚು ಕಡಿಮೆ ಅದೇ ಜಾಗ, ಅದೇ ಒಂದು ದಿನ, ಅದೇ ನಾಲ್ಕು ಹಾಡಿನ ಮಿತಿ. ಆಲ್ಬಮ್‌ಗಳಲ್ಲಿ ಹಾಗಲ್ಲ. ಒಂದಕ್ಕೆ ದುಡ್ಡು ಜಾಸ್ತಿ, ಒಂದಕ್ಕೆ ಕಡಿಮೆ, ಲೇಬಲ್ ಬೇರೆ, ನಿರ್ಮಾಪಕರು ಬೇರೆ. ಯಾವ ಬದಲಾವಣೆ ಬ್ಯಾಂಡಿನದು, ಯಾವುದು ದುಡ್ಡಿನದು ಅಂತ ಹೇಳುವುದೇ ಕಷ್ಟ. ಇಲ್ಲಿ ಕೇಳಿಸುವ ಬದಲಾವಣೆ ಅಷ್ಟೂ ಬ್ಯಾಂಡಿನದು.

ಮೊದಲ ಸೆಷನ್ ಬಗ್ಗೆ ಅಂಗಿಯ ಕಥೆ ಒಂದಿದೆಯಂತೆ?

ಇದೆ. ವಾಲ್ಟರ್ಸ್ ಕ್ರೊಯ್ಡನ್‌ನಲ್ಲಿ ಈ ಬ್ಯಾಂಡಿನ ಕಾರ್ಯಕ್ರಮ ನೋಡಿ ಸೆಷನ್‌ಗೆ ಕರೆದಿದ್ದರು. ಆಗ ಇವರದು ಒಂದೂ ರೆಕಾರ್ಡ್ ಹೊರಬಂದಿರಲಿಲ್ಲ. ಮೊದಲ ಇಪಿ (ಕೆಲವೇ ಹಾಡುಗಳ ಸಣ್ಣ ರೆಕಾರ್ಡ್) 'ಬಿಂಗೊ-ಮಾಸ್ಟರ್ಸ್ ಬ್ರೇಕ್-ಔಟ್!' ಬಂದಿದ್ದು ಆ ಆಗಸ್ಟ್‌ನಲ್ಲಿ. ಸೆಷನ್ ದಿನ ವ್ಯಾನ್ ಓಡಿಸುತ್ತಿದ್ದವನು ಹವಾಯಿ ಅಂಗಿ ಹಾಕಿಕೊಂಡು ಬಂದ. ಅವನು ಕಾಂಗ ಡ್ರಮ್ಮನ್ನೂ ಬಾರಿಸುವವನಿದ್ದ. ಬೇಸ್ ನುಡಿಸುವವನಿಗೆ ಆ ಅಂಗಿ ನೋಡಿ ಮೈಯುರಿದು, ಬ್ಯಾಂಡನ್ನೇ ಬಿಟ್ಟು ಹೋದನಂತೆ. ಕೊನೆಗೆ ಗಿಟಾರ್‌ನ ಮಾರ್ಟಿನ್ ಬ್ರಾಮಾ ಬೇಸನ್ನೂ ತಾನೇ ನುಡಿಸಿದ. ಸೆಷನ್ ಕೇಳಿದರೆ ಈ ರಾದ್ಧಾಂತದ ಸುಳಿವೂ ಸಿಗುವುದಿಲ್ಲ. 'ರೆಬೆಲಿಯಸ್ ಜೂಕ್‌ಬಾಕ್ಸ್' ಹಾಡಿನಲ್ಲಿ ಕಾಂಗ ಕೇಳಿದಾಗೆಲ್ಲ ನನಗೆ ಆ ಅಂಗಿಯೇ ನೆನಪಾಗುತ್ತದೆ.

ಜಾನ್ ಪೀಲ್ ಸೆಷನ್‌ಗಳಿಗೆ ಬರುತ್ತಿದ್ದರಾ? ಸ್ಮಿತ್ ಅವರ ಗೆಳೆಯನಾ?

ಬರುತ್ತಿರಲಿಲ್ಲ. ಹೆಸರು ಪೀಲ್ ಸೆಷನ್, ಆದರೆ ಪೀಲ್ ಸ್ಟುಡಿಯೋದಲ್ಲಿ ಕೂತು ಸಲಹೆ ಕೊಡುವ ಪದ್ಧತಿ ಇರಲಿಲ್ಲ. ಬ್ಯಾಂಡ್ ಯಾವ ಹಾಡು ಆರಿಸಬೇಕು ಅಂತಲೂ ಅವರು ಹೇಳುತ್ತಿರಲಿಲ್ಲ. ಎಷ್ಟೋ ಸಲ ಕೇಳುಗರ ಜೊತೆಗೇ ಅವರೂ ಕೇಳುತ್ತಿದ್ದರು.

ಸ್ಮಿತ್ ಜೊತೆಗೆ ಗೆಳೆತನ ಅಂತ ಏನೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಬ್ಬರೂ ಎದುರುಬದುರು ಮಾತಾಡಿದ್ದೇ ಅಪರೂಪ. ಆದರೂ ಪೀಲ್‌ಗೆ ಈ ಬ್ಯಾಂಡ್ ಮೇಲೆ ವಿಪರೀತ ಪ್ರೀತಿ. ಬೇರೆ ಬ್ಯಾಂಡ್‌ಗಳನ್ನು ಅಳೆಯುವುದು ಇವರನ್ನಿಟ್ಟುಕೊಂಡೇ ಎನ್ನುತ್ತಿದ್ದರು. 'ಅವರು ಯಾವಾಗಲೂ ಬೇರೆ, ಯಾವಾಗಲೂ ಅದೇ' ಎಂಬ ಅವರ ಮಾತನ್ನು ಈ ಬ್ಯಾಂಡ್ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಬಳಸಿ ಸವೆಸಿದ್ದಾರೆ. ನಾನೂ ಬಳಸಿದೆ, ಆಯ್ತು. 1990ರಲ್ಲಿ ಬಿಬಿಸಿಯ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಕಾರ್ಯಕ್ರಮದಲ್ಲಿ ನಿರ್ಜನ ದ್ವೀಪಕ್ಕೆ ಒಯ್ಯುವ ಹಾಡುಗಳನ್ನು ಆರಿಸಿ ಅಂದಾಗ ಅವರು ಆರಿಸಿದ್ದರಲ್ಲಿ 'ಈಟ್ ಯರ್ಸೆಲ್ಫ್ ಫಿಟರ್' ಕೂಡ ಇತ್ತು. ಅದು 1983ರ ಮಾರ್ಚ್ ಸೆಷನ್ನಿನಲ್ಲಿ ಇರುವ ಹಾಡು. ಆಲ್ಬಮ್‌ನಲ್ಲಿ ಬಂದಿದ್ದು ಅದೇ ವರ್ಷದ ಕೊನೆಗೆ.

ಆಲ್ಬಮ್‌ನಲ್ಲಿರುವ ಹಾಡೇ ಇಲ್ಲೂ ಇದ್ದರೆ, ಮತ್ತೆ ಯಾಕೆ ಕೇಳಬೇಕು?

ಅದೇ ಹಾಡು ಅಲ್ಲ, ಅಲ್ಲೇ ಇರುವುದು ಮಜಾ. ಸ್ಮಿತ್‌ಗೆ ಒಂದು ಅಭ್ಯಾಸ. ಬಿಡುಗಡೆಯಾದ ಹಾಡನ್ನು ಪ್ರಚಾರಕ್ಕಾಗಿ ಮತ್ತೆ ನುಡಿಸುವುದಕ್ಕಿಂತ ಇನ್ನೂ ಹದವಾಗದ ಹೊಸ ಹಾಡನ್ನೇ ಹೆಚ್ಚಾಗಿ ಸೆಷನ್‌ಗೆ ತರುತ್ತಿದ್ದ. ಹಾಗಾಗಿ ಎಷ್ಟೋ ಕಡೆ ಸೆಷನ್ ಮೊದಲು, ಆಲ್ಬಮ್ ಆಮೇಲೆ.

'ಹಿಪ್ ಪ್ರೀಸ್ಟ್' ತೆಗೆದುಕೊಳ್ಳಿ. 1981ರ ಮಾರ್ಚ್ ಸೆಷನ್ನಿನಲ್ಲಿ ಇದೆ. ಆಲ್ಬಮ್ ರೂಪ ಬಂದಿದ್ದು ಒಂದು ವರ್ಷದ ನಂತರ 'ಹೆಕ್ಸ್ ಎಂಡಕ್ಷನ್ ಅವರ್'ನಲ್ಲಿ, ಐಸ್‌ಲ್ಯಾಂಡಿಗೆ ಹೋಗಿ ರೆಕಾರ್ಡ್ ಮಾಡಿದ್ದು. ಮುಂದೆ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಸಿನಿಮಾದಲ್ಲೂ ಈ ಹಾಡು ಬಂತು. ಸೆಷನ್ ರೂಪ ಅದಕ್ಕಿಂತ ಒಣಕಲು, ಅಂಜುತ್ತಾ ಹೆಜ್ಜೆ ಇಡುವ ಹಾಗೆ. ಆಲ್ಬಮ್ ರೂಪವೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಆದರೆ ಹಾಡು ಹುಟ್ಟುತ್ತಿರುವಾಗ ಹೇಗಿತ್ತು ಅಂತ ಇಲ್ಲಿ ಕೇಳಬಹುದು.

'ವಿಂಟರ್' ವಿಷಯದಲ್ಲಿ ಸೆಷನ್ನಿಗೇ ನನ್ನ ಓಟು. ಅದೇ ಆಲ್ಬಮ್‌ನಲ್ಲಿ ಈ ಹಾಡನ್ನು ಎರಡು ತುಂಡು ಮಾಡಿ, ಎಲ್‌ಪಿಯ ಒಂದು ಬದಿಯ ಕೊನೆಗೆ ಅರ್ಧ, ಇನ್ನೊಂದು ಬದಿಯ ಶುರುವಿಗೆ ಅರ್ಧ ಹಾಕಿದ್ದಾರೆ. ಎದ್ದು ಹೋಗಿ ತಟ್ಟೆ ಮಗುಚಿ ಹಾಕಬೇಕು. 1981ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಸೆಷನ್ನಿನಲ್ಲಿ ಇಡೀ ಹಾಡು ಒಂದೇ ಉಸಿರಿನಲ್ಲಿದೆ.

'ನ್ಯೂ ಪ್ಯೂರಿಟನ್' ಕಥೆ ಇನ್ನೂ ವಿಚಿತ್ರ. 1980ರ 'ಟೋಟೇಲ್ಸ್ ಟರ್ನ್ಸ್' ರೆಕಾರ್ಡ್‌ನಲ್ಲಿ ಇದರ ಒಂದು ರೂಪ ಇದೆ. ಮನೆಯಲ್ಲಿ ಕೂತು ಮಾಡಿದ ಒರಟು ರೆಕಾರ್ಡಿಂಗ್ ಅದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪೀಲ್ ಸೆಷನ್‌ಗೆ ಬಂದಾಗ ಹಾಡು ಬೆಳೆದು ಬೇರೆಯೇ ಆಗಿದೆ. ಗಿಟಾರ್ ಮೆಲ್ಲಗೆ ಬಿಗಿಯುತ್ತಾ ಹೋಗುತ್ತದೆ, ಸ್ಮಿತ್ ಯಾರನ್ನೋ ಶಪಿಸುತ್ತಿರುವಂತೆ ಮಾತು ಏರುತ್ತದೆ. ಆವತ್ತು ಡ್ರಮ್ ಬಾರಿಸಿದ ಪಾಲ್ ಹ್ಯಾನ್ಲಿಗೆ 16 ವರ್ಷ. ಅಣ್ಣ ಸ್ಟೀವ್ ಹ್ಯಾನ್ಲಿ ಬೇಸ್‌ನಲ್ಲಿ. ಈ ಸೆಟ್ಟಿನಿಂದ ಒಂದೇ ಹಾಡು ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಬೇರೆಲ್ಲೂ ಸ್ಟುಡಿಯೋ ರೂಪದಲ್ಲಿ ಸಿಗದ ಹಾಡು ಇದೆಯಾ?

ಇದೆ. ಎರಡನೇ ಸೆಷನ್ನಿನ 'ಮೆಸ್ ಆಫ್ ಮೈ', ಏಳನೆಯದರ 'ವರ್ಡ್ಸ್ ಆಫ್ ಎಕ್ಸ್‌ಪೆಕ್ಟೇಶನ್' ಎರಡೂ ಯಾವ ಸ್ಟುಡಿಯೋ ಆಲ್ಬಮ್‌ಗೂ ಬರಲಿಲ್ಲ. ಎರಡನೆಯದು ಒಂಬತ್ತು ನಿಮಿಷದ ಹಾಡು. ಎರಡೇ ಸ್ವರದ ಸುತ್ತ ತಿರುಗುತ್ತಾ ಹೋಗುತ್ತದೆ, ಅಷ್ಟಾದರೂ ಬೇಸರ ಬರುವುದಿಲ್ಲ. ಇಂಥ ಹಾಡನ್ನು ಬರೆದು, ಒಂದು ದಿನ ನುಡಿಸಿ, ರೇಡಿಯೊಗೆ ಕೊಟ್ಟು ಮುಂದೆ ಹೋಗಿಬಿಡುವ ಧಾರಾಳ ಎಷ್ಟು ಬ್ಯಾಂಡಿಗಿದ್ದೀತು?

ಬೇರೆಯವರ ಹಾಡುಗಳೂ ಇವೆಯಾ?

ಇವೆ. 1992ರದ್ದರಲ್ಲಿ ಜಮೈಕಾದ ಲೀ ಪೆರಿಯ 'ಕಿಂಬಲ್', 1993ರದ್ದರಲ್ಲಿ ದಿ ಸೋನಿಕ್ಸ್‌ನ 'ಸ್ಟ್ರಿಕ್ನೈನ್', 1996ರದ್ದರಲ್ಲಿ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ಒಂದು ಹಾಡು, 1998ರದ್ದರಲ್ಲಿ ಆಸ್ಟ್ರೇಲಿಯಾದ ದಿ ಸೇಂಟ್ಸ್‌ನ 'ದಿಸ್ ಪರ್ಫೆಕ್ಟ್ ಡೇ'. 'ಕಿಂಬಲ್' ಬಹಳ ಚೆನ್ನಾಗಿದೆ. ರೆಗ್ಗೆಯನ್ನು ಅನುಕರಿಸುವ ಗೋಜಿಗೇ ಹೋಗಿಲ್ಲ.

1994ರ ಡಿಸೆಂಬರ್ ಸೆಷನ್ನಿನಲ್ಲಿ ಕ್ರಿಸ್‌ಮಸ್ ಹಾಡುಗಳೂ ಇವೆ: 'ಜಿಂಗಲ್ ಬೆಲ್ ರಾಕ್' ಮತ್ತು 'ಹಾರ್ಕ್ ದಿ ಹೆರಾಲ್ಡ್ ಏಂಜೆಲ್ಸ್ ಸಿಂಗ್'. ಸ್ಮಿತ್ ಭಕ್ತಿಗೀತೆ ಹಾಡುವುದನ್ನು ಒಮ್ಮೆಯಾದರೂ ಕೇಳಬೇಕು. ಎರಡನೇ ಸಲ ಕೇಳಲೇಬೇಕು ಅಂತೇನಿಲ್ಲ.

ಹಾಡಿನ ಮಾತುಗಳು ಒಂದೂ ಅರ್ಥವಾಗುತ್ತಿಲ್ಲ. ನನ್ನ ಇಂಗ್ಲಿಷಿನ ತೊಂದರೆಯಾ?

ಅಲ್ಲ. ಇಂಗ್ಲಿಷರಿಗೂ ಅರ್ಥವಾಗುವುದಿಲ್ಲ. ಸ್ಮಿತ್‌ನದು ಮ್ಯಾಂಚೆಸ್ಟರ್ ಕಡೆಯ ಉಚ್ಚಾರ, ಅದರ ಮೇಲೆ ಅರ್ಧ ವಾಕ್ಯ ನುಂಗುವ ಚಾಳಿ. ದೆವ್ವದ ಕಥೆ, ಪತ್ರಿಕೆಯ ತುಣುಕು, ಪಬ್‌ನ ಜಗಳ, ಲಾರಿ ಡ್ರೈವರುಗಳ ಬದುಕು ಎಲ್ಲವನ್ನೂ ಕತ್ತರಿಸಿ ಅಂಟಿಸುತ್ತಾನೆ. ಮೊದಲು ಸುಮ್ನೆ ಡ್ರಮ್ ಮತ್ತು ಬೇಸ್ ಕೇಳಿ. ಸಾಲುಗಳು ತಾವಾಗಿಯೇ ಒಂದೊಂದಾಗಿ ಮೇಲೆ ಬರುತ್ತವೆ. 'ಕಂಟೇನರ್ ಡ್ರೈವರ್ಸ್' ಇದಕ್ಕೆ ಒಳ್ಳೆಯ ಶುರು, ಮಾತು ಹಿಡಿಯದಿದ್ದರೂ ಕಾಲು ಕುಣಿಯುತ್ತದೆ.

ಆರು ಸಿಡಿ ಕೇಳುವಷ್ಟು ಹೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೂರು, ನಾಲ್ಕು, ಐದನೇ ಸೆಷನ್‌ಗಳಿಂದ, ಅಂದರೆ 1980–81. ಬ್ಯಾಂಡ್ ಉತ್ತುಂಗದಲ್ಲಿದ್ದ ಕಾಲ. ಅವು ಹಿಡಿಸಿದರೆ ಆರು, ಏಳು. ಆಮೇಲೆ ಸೀದಾ ಕೊನೆಗೆ ಹಾರಿ 2003 ಮತ್ತು 2004 ಕೇಳಿ. ಮಧ್ಯದ್ದು ನಿಧಾನಕ್ಕೆ ನೋಡಿಕೊಳ್ಳಬಹುದು.

ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಕೇಳಬೇಕು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಆದರೆ ಹೊಸಬರು ಹಾಗೆ ಶುರು ಮಾಡಿದರೆ ಎರಡನೇ ಸಿಡಿಗೆ ಮುಂಚೆ ಸುಸ್ತಾಗುತ್ತಾರೆ.

ಇಷ್ಟು ಜನ ಬದಲಾದರೆ ಅದೇ ಬ್ಯಾಂಡ್ ಅಂತ ಹೇಗೆ ಹೇಳುವುದು?

ಸ್ಮಿತ್ ಇದಕ್ಕೆ ಕೊಡುತ್ತಿದ್ದ ಉತ್ತರ ಪ್ರಸಿದ್ಧ: 'ನಾನು, ಜೊತೆಗೆ ಬೊಂಗೊ ಬಾರಿಸುವ ನಿಮ್ಮಜ್ಜಿ ಇದ್ದರೂ ಅದು ದಿ ಫಾಲ್.' ಆದರೆ ಅದರಲ್ಲಿ ಅವನ ಅಹಂಕಾರವೂ ಇದೆ. ನನ್ನ ಉತ್ತರ ಬೇರೆ. ಈ ಸೆಷನ್‌ಗಳಲ್ಲಿ ಅತಿ ಮುಖ್ಯ ಸದ್ದು ಸ್ಟೀವ್ ಹ್ಯಾನ್ಲಿಯ ಬೇಸ್. 1979ರಲ್ಲಿ ಸೇರಿ 1998ರವರೆಗೆ ಇದ್ದವನು. ಹಾಡಿನ ಬೆನ್ನುಮೂಳೆ ಅವನೇ. ಗಿಟಾರ್‌ನಲ್ಲಿ ಕ್ರೇಗ್ ಸ್ಕ್ಯಾನ್ಲನ್ ಕೂಡ 1979ರಿಂದ 1995ರವರೆಗೆ ಇದ್ದ. ಇವರಿಬ್ಬರ ಬಗ್ಗೆ ಬರೆಯುವವರು ಕಡಿಮೆ, ಸ್ಮಿತ್ ಬಗ್ಗೆ ಬರೆಯುವವರು ಜಾಸ್ತಿ.

1983ರ ಡಿಸೆಂಬರ್‌ನ ಏಳನೇ ಸೆಷನ್‌ಗೆ ಅಮೆರಿಕದ ಬ್ರಿಕ್ಸ್ ಸ್ಮಿತ್ ಬಂದಳು. ಗಿಟಾರ್ ನುಡಿಸುತ್ತಾಳೆ, ಹಾಡುತ್ತಾಳೆ, ಆಗ ಮಾರ್ಕ್‌ನ ಹೆಂಡತಿ. ಅಲ್ಲಿಂದ ಹಾಡುಗಳಿಗೆ ರಾಗ ಬಂತು. ಅದೇ ಸೆಷನ್ನಿನ 'ಸಿ.ಆರ್.ಇ.ಇ.ಪಿ.' ಕೇಳಿದರೆ ತಕ್ಷಣ ತಿಳಿಯುತ್ತದೆ, ಗುನುಗಬಹುದಾದ ಹಾಡು ಅದು.

ಬ್ಯಾಂಡಿನಿಂದ ಹೊರಬಿದ್ದ ಗಿಟಾರಿಸ್ಟ್ ಮಾರ್ಕ್ ರೈಲಿ ಮುಂದೆ ತಾನೇ ಬಿಬಿಸಿ ರೇಡಿಯೊದಲ್ಲಿ ಡಿಜೆ ಆದ. ಬಿಬಿಸಿ 6 ಮ್ಯೂಸಿಕ್‌ನಲ್ಲಿ ಹೊಸ ಬ್ಯಾಂಡ್‌ಗಳನ್ನು ಕರೆಸಿ ಸೆಷನ್ ಮಾಡಿಸುವ ಕೆಲಸ ಅವನದಾಯಿತು.

1998ರಿಂದ 2003ರವರೆಗೆ ಒಂದೂ ಸೆಷನ್ ಇಲ್ಲವಲ್ಲ, ಏನಾಯಿತು?

1998ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ವೇದಿಕೆಯ ಮೇಲೇ ಬ್ಯಾಂಡ್ ಒಡೆಯಿತು. ಹೊಡೆದಾಟ ಆಯಿತು, ಹ್ಯಾನ್ಲಿ ಮತ್ತು ಡ್ರಮ್ಮರ್ ಕಾರ್ಲ್ ಬರ್ನ್ಸ್ ಬಿಟ್ಟು ಹೋದರು. ಆ ವರ್ಷ ಎರಡು ಸೆಷನ್ ಇವೆ, ಒಂದು ಈ ಗಲಾಟೆಗೆ ಮುಂಚೆ, ಒಂದು ನಂತರ. ಎರಡನೆಯದರಲ್ಲಿ ಸ್ಮಿತ್ ಮತ್ತು ಕೀಬೋರ್ಡಿನ ಜೂಲಿಯಾ ನೇಗಲ್ ಬಿಟ್ಟರೆ ಉಳಿದವರೆಲ್ಲ ಹೊಸಬರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಬೇಸ್ ಎಲ್ಲಿ ಹೋಯಿತು ಅಂತ ಹುಡುಕುತ್ತೀರಿ.

ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೆಷನ್ ಇಲ್ಲ. 2003ರಲ್ಲಿ ಬಂದಾಗ ಬ್ಯಾಂಡ್ ಪೂರ್ತಿ ಯುವಕರದು. ಅವರ ಕೈಯಲ್ಲಿ ಸ್ಮಿತ್ 1982ರ ಆಲ್ಬಮ್ಮಿನ 'ಮಿಯರ್ ಸ್ಯೂಡ್ ಮ್ಯಾಗ್. ಎಡ್.' ಹಾಡನ್ನು ನುಡಿಸಿದ್ದಾನೆ. ಜೊತೆಗೆ 'ಥೀಮ್ ಫ್ರಮ್ ಸ್ಪಾರ್ಟಾ ಎಫ್.ಸಿ.' ಎಂಬ ಫುಟ್‌ಬಾಲ್ ಹುಚ್ಚಿನ ಹಾಡು. ಮುಂದೆ ಬಿಬಿಸಿ ಟಿವಿಯ ಫುಟ್‌ಬಾಲ್ ಫಲಿತಾಂಶ ಕಾರ್ಯಕ್ರಮಕ್ಕೂ ಅದನ್ನೇ ಬಳಸಿದರು.

ಕೊನೆಯ ಸೆಷನ್ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಎರಡು ಕಾರಣ. ಅದು ಪ್ರಸಾರವಾಗಿದ್ದು 2004ರ ಆಗಸ್ಟ್ 12ರಂದು. ಅಕ್ಟೋಬರ್ 25ಕ್ಕೆ ಪೀಲ್ ಪೆರುವಿನ ಕುಸ್ಕೋದಲ್ಲಿ, ಪ್ರವಾಸದಲ್ಲಿರುವಾಗ, ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 65 ವರ್ಷ. ಆ ವರ್ಷಾಂತ್ಯದಲ್ಲಿ ಕೇಳುಗರು ಓಟು ಹಾಕಿ ಆರಿಸುವ 'ಫೆಸ್ಟಿವ್ ಫಿಫ್ಟಿ' ಪಟ್ಟಿಯಲ್ಲಿ ಸ್ಪಾರ್ಟಾ ಹಾಡಿಗೇ ಮೊದಲ ಸ್ಥಾನ ಸಿಕ್ಕಿತು.

ಇನ್ನೊಂದು ಕಾರಣ 'ಬ್ಲೈಂಡ್‌ನೆಸ್'. ಇದರ ಆಲ್ಬಮ್ ರೂಪ 2005ರಲ್ಲಿ ಬಂತು. ಸೆಷನ್ ರೂಪವೇ ಹೆಚ್ಚು ಭಾರ, ಹೆಚ್ಚು ಕೊಳಕು, ಹೆಚ್ಚು ಭಯ. ಬೇಸ್‌ನ ಒಂದೇ ವರಸೆ ಗಾಣದ ಹಾಗೆ ತಿರುಗುತ್ತದೆ. ಸ್ಮಿತ್‌ನ ಗಂಟಲು ಅಷ್ಟರಲ್ಲಿ ಹಾಳಾಗಿದೆ, ಆದರೆ ಆ ಹಾಳಾದ ಗಂಟಲನ್ನೇ ಅವನು ವಾದ್ಯ ಮಾಡಿಕೊಂಡಿದ್ದಾನೆ. 28 ವರ್ಷ ಹಳೆಯ ಬ್ಯಾಂಡೊಂದು 24ನೇ ಸೆಷನ್ನಿನಲ್ಲಿ ಇಂಥದ್ದನ್ನು ಮಾಡುತ್ತದೆ ಅಂದರೆ ನಂಬುವುದು ಕಷ್ಟ. ವಿದಾಯ ಹೇಳುವ ಸೆಷನ್ ಅಲ್ಲ ಅದು, ಯಾರಿಗೂ ಹಾಗೆ ಗೊತ್ತಿರಲೂ ಇಲ್ಲ.

ಎಲ್ಲ ಚೆನ್ನಾಗಿದೆ ಅನ್ನುತ್ತೀರಾ? ಸಪ್ಪೆ ಭಾಗ ಇಲ್ಲವೇ ಇಲ್ಲವಾ?

ಇದೆ. 1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗಿನ ಕೆಲವು ಸೆಷನ್‌ಗಳು ಆಲ್ಬಮ್ ರೂಪಕ್ಕೆ ತೀರಾ ಹತ್ತಿರ. ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ಕೇಳಲೇಬೇಕಾದ ಕಾರಣ ಸಿಗುವುದಿಲ್ಲ. 1995ರದ್ದನ್ನು ನಾನು ಬಹುಪಾಲು ದಾಟಿಸಿಬಿಡುತ್ತೇನೆ. ಇಡೀ ಸೆಟ್ಟನ್ನು ಮೂರು ಸಿಡಿಗೆ ಇಳಿಸಬಹುದಿತ್ತಲ್ಲ ಅಂತ ಯಾರಾದರೂ ಕೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಹಾಗೆ ಮಾಡಿದ್ದರೆ ಬ್ಯಾಂಡ್ ಎಲ್ಲಿ ಎಡವಿತು ಅಂತ ತಿಳಿಯುತ್ತಿರಲಿಲ್ಲ.

2005ಕ್ಕೆ ಮುಂಚೆ ಇವು ಸಿಗುತ್ತಿರಲಿಲ್ಲವಾ?

ಚೂರುಚೂರಾಗಿ ಸಿಗುತ್ತಿದ್ದವು. ಪೀಲ್ ಮತ್ತು ಕ್ಲೈವ್ ಸೆಲ್‌ವುಡ್ ಸೇರಿ ಸೆಷನ್‌ಗಳನ್ನು ಹೊರತರಲೆಂದೇ ಸ್ಟ್ರೇಂಜ್ ಫ್ರೂಟ್ ಎಂಬ ಲೇಬಲ್ ಕಟ್ಟಿದ್ದರು. ದಿ ಫಾಲ್‌ನ ಎರಡನೇ ಸೆಷನ್ 1987ರಲ್ಲಿ ಅದರಿಂದ ಇಪಿಯಾಗಿ ಬಂತು. 1993ರಲ್ಲಿ 'ಕಿಂಬಲ್' ಹೆಸರಿನ ಇನ್ನೊಂದು ಇಪಿ. ಉಳಿದವುಗಳಲ್ಲಿ ಹೆಚ್ಚಿನವು ಅಭಿಮಾನಿಗಳು ರೇಡಿಯೊದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೈಯಿಂದ ಕೈಗೆ ದಾಟಿಸಿದವು. ಹಾಡಿನ ಶುರುವಿಗೂ ಕೊನೆಗೂ ಪೀಲ್ ಮಾತು ಸೇರಿಕೊಂಡಿರುತ್ತಿತ್ತು. ಸಿಡಿಯಲ್ಲಿ ಆ ಮಾತಿಲ್ಲ. ಕೆಲವರಿಗೆ ಅದೇ ಕೊರತೆ.

ಆ ಸ್ಟುಡಿಯೋ ಈಗಲೂ ಇದೆಯಾ?

ಕಟ್ಟಡ ಇದೆ. ಬಿಬಿಸಿ ಅದನ್ನು 2023ರಲ್ಲಿ ಮಾರಿತು. ಕೊಂಡವರಲ್ಲಿ ಸಿನಿಮಾ ಸಂಗೀತ ನಿರ್ದೇಶಕ ಹ್ಯಾನ್ಸ್ ಜಿಮ್ಮರ್ ಕೂಡ ಇದ್ದಾರೆ. ಸ್ಟುಡಿಯೋವಾಗಿಯೇ ಉಳಿಸಿಕೊಳ್ಳುವ ಉದ್ದೇಶ ಅವರದು. ಫ್ಲಾಟ್ ಕಟ್ಟುವವರ ಪಾಲಾಗಲಿಲ್ಲ, ಸದ್ಯ.

ಇದು ಹಿಡಿಸಿತು. ಬೇರೆ ಯಾವ ಬ್ಯಾಂಡಿನ ಪೀಲ್ ಸೆಷನ್ ಕೇಳಲಿ?

ದಿ ಸ್ಲಿಟ್ಸ್ 1977ರಲ್ಲಿ ಮಾಡಿದ ಸೆಷನ್ ಮೊದಲು. ಅವರ ಆಲ್ಬಮ್ 'ಕಟ್' ಬಂದಿದ್ದು 1979ರಲ್ಲಿ, ಡೆನಿಸ್ ಬೋವೆಲ್ ನಿರ್ಮಾಣದಲ್ಲಿ, ರೆಗ್ಗೆಯ ಜಾಗ ಬಿಟ್ಟು ಬಿಟ್ಟು ನುಡಿಸುವ ರೀತಿಯಲ್ಲಿ. ಸೆಷನ್ನಿನಲ್ಲಿ ಅದೇ ಹುಡುಗಿಯರು ಪೂರ್ತಿ ಕಾಡುಮೃಗಗಳು, ಡ್ರಮ್‌ನಲ್ಲಿ ಪಾಮಾಲಿವ್.

ಸೂಸಿ ಅಂಡ್ ದಿ ಬ್ಯಾನ್‌ಶೀಸ್ ಕೂಡ 1977ರಲ್ಲೇ ಮಾಡಿದರು, ಆಗ ಯಾವ ಕಂಪನಿಯೂ ಅವರನ್ನು ಸೇರಿಸಿಕೊಂಡಿರಲಿಲ್ಲ. ಜಾಯ್ ಡಿವಿಷನ್‌ನದು ಎರಡೇ ಸೆಷನ್, ಎರಡೂ 1979ರವು. ಎರಡನೆಯದರಲ್ಲಿ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಇದೆ, ಸಿಂಗಲ್ ಆಗಿ ಬರುವುದಕ್ಕೆ ತಿಂಗಳುಗಳ ಮುಂಚೆ.

ಇನ್ನು ವೈರ್. ಅವರ ಮೂರನೇ ಸೆಷನ್ 1979ರ ಸೆಪ್ಟೆಂಬರ್‌ನದು. ನಾಲ್ಕು ಹಾಡು ಕೊಡಬೇಕಾದ ಕಡೆ ಅವರು 'ಕ್ರೇಜಿ ಅಬೌಟ್ ಲವ್' ಎಂಬ ಹದಿನೈದು ನಿಮಿಷದ ಒಂದೇ ಹಾಡು ಕೊಟ್ಟು ಹೋದರು. ಬಿಬಿಸಿ ಅದನ್ನೂ ಪ್ರಸಾರ ಮಾಡಿತು.